ಬಾಲವಿಲ್ಲದ ಸದ್ದುಗಳು

ಬಸವಲಿಂಗಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಹೊಳೆನರಸೀಪುರದ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಬಂದು ಹೋಗುತ್ತಿದ್ದರು. ಈ ಮಾರ್ಚಿನಲ್ಲಿ ಮಾತ್ರ ಆ ಓಡಾಟಕ್ಕೆ ಒಂದು ಕಾರಣ ಇತ್ತು. ಮೊಮ್ಮಗಳು ಶಿವರಂಜನಿ ಯುಕೆಜಿಯಿಂದ ಒಂದನೇ ಕ್ಲಾಸಿಗೆ ಹೋಗುತ್ತಾಳೋ ಇಲ್ಲವೋ ಎನ್ನುವುದು ಶನಿವಾರ ತೀರ್ಮಾನವಾಗುವುದಿತ್ತು. ಹೋಗದಿದ್ದರೆ ತಪ್ಪು ಮಗುವಿನದಲ್ಲ, ತಮ್ಮದು ಎಂದು ಅವರಿಗೆ ಗೊತ್ತಿತ್ತು.

ಮಗ ಕಾಂತರಾಜು ಅರಕಲಗೂಡಿನ ಕಡೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಸೊಸೆ ಪ್ರೇಮಕುಮಾರಿ ಹಾಸನದ ಗಾರ್ಮೆಂಟ್ಸಿಗೆ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಏಳೂವರೆಗೆ. ಹಾಗಾಗಿ ಮಗುವಿನ ಮನೆಪಾಠ ಅಜ್ಜಿಯ ಪಾಲಿಗೆ ಬಂತು. ಈಗಿನ ಮನೆಪಾಠ ಪುಸ್ತಕದಲ್ಲಿ ಮುಗಿಯುವುದಿಲ್ಲ. ಮಿಸ್ಸು ಮಧ್ಯಾಹ್ನ ಎರಡು ಮೂರು ಇಂಗ್ಲಿಷ್ ಅಕ್ಷರದ ಸದ್ದು ಹೇಳಿ ಫೋನಿಗೆ ಕಳಿಸುತ್ತಾರೆ. ಮಗು ಅದನ್ನು ಹೇಳುವ ವಿಡಿಯೋ ಸಂಜೆ ಏಳರೊಳಗೆ ಕ್ಲಾಸಿನ ಗ್ರೂಪಿಗೆ ಹೋಗಬೇಕು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟಿದ್ದ ಬಸವಲಿಂಗಮ್ಮ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೆಂಪು ಗುಂಡಿ ಒತ್ತುವುದನ್ನೂ ಕಲಿತಿದ್ದರು.

ಎಡವಟ್ಟಾಗಿದ್ದು ಬೇರೆ ಕಡೆ. ಮಿಸ್ಸು ಏನೇ ಹೇಳಲಿ, ಅವರ ಕಿವಿಗೆ ಬಿದ್ದದ್ದು ತಾವು ಮರಳಿನ ಮೇಲೆ ತಿದ್ದಿದ್ದ ಕ, ಪ, ಟ, ಬ. ಹಾಗೇ ಹೇಳಿಕೊಟ್ಟರು. ಮಗುವೂ ಗಂಟಲು ಬಿಟ್ಟು 'ಕ, ಆ್ಯ, ಪ' ಎಂದಿತು. ಸೇರಿಸು ಅಂದರೆ 'ಕ್ಯಾಪ' ಎಂದಿತು. ಟೋಪಿಯ ಚಿತ್ರ ತೋರಿಸಿದರೆ ಥಟ್ಟನೆ ಕ್ಯಾಪ್ ಅನ್ನುತ್ತಿದ್ದ ಮಗುವಿಗೆ, ತಾನು ಈಗ ಓದಿದ್ದೂ ಅದನ್ನೇ ಎಂದು ಹೊಳೆಯುತ್ತಿರಲಿಲ್ಲ.

ಸೋಮವಾರ ಶ್ರೀಗೌರಿ ಮಿಸ್ಸಿನ ದನಿ ಗ್ರೂಪಿನಲ್ಲೇ ಬಂತು, ಇಪ್ಪತ್ತೆಂಟು ಮನೆಯವರ ಮುಂದೆ.

"ಶಿವರಂಜನಿ ಪೇರೆಂಟ್ಸ್, ಮನೇಲಿ ಯಾರು ಹೇಳ್ಕೊಡ್ತಿದಾರೋ ಅವರು ದಯವಿಟ್ಟು ನಿಲ್ಲಿಸಿ. ಒಂದೊಂದು ಸೌಂಡಿಗೂ ಕೊನೇಲಿ 'ಅ' ಅಂತ ಬಾಲ ಸೇರಿಸ್ತಿದಾರೆ. ಮಗುಗೆ ಮೂರು ಸೌಂಡ್ ಕೂಡಿಸಿ ಓದಕ್ಕೇ ಆಗ್ತಿಲ್ಲ. ಶನಿವಾರ ನಾನೇ ಕೂರಿಸಿ ಕೇಳ್ತೀನಿ. ಆಗಲಿಲ್ಲ ಅಂದ್ರೆ ಇನ್ನೊಂದು ವರ್ಷ ಯುಕೆಜಿಲೇ ಇರಲಿ."

ಸಂಜೆ ಪ್ರೇಮಕುಮಾರಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅತ್ತೆ, ಇನ್ಮೇಲೆ ನೀವು ಏನೂ ಏಳ್ಕೊಡಬೇಡಿ. ಆ ಗ್ರೂಪಲ್ಲಿ ನಮ್ ಫ್ಯಾಕ್ಟ್ರಿಯೋರು ಇಬ್ರವ್ರೆ. ಊಟದೊತ್ತಲ್ಲಿ ಫೋನಿಟ್ಕೊಂಡು ಎಲ್ರಿಗೂ ಕೇಳ್ಸುದ್ರು."

"ನಾನೇನ್ ಬೇಕೂಂತ ಮಾಡಿದ್ನಾ ತಾಯಿ?"

"ಬೇಕೂಂತ ಅಂದ್ನಾ? ನಾನೇ ಏಳ್ಕೊಡ್ತೀನಿ ಬಿಡಿ."

ಕೂತಳು ನಿಜ. ಮಗು ಎರಡನೇ ಅಕ್ಷರಕ್ಕೆ ತೂಕಡಿಸಿತು. ಇಡೀ ದಿನ ಮಿಷನ್ ತುಳಿದು ಬಂದವಳು ಗೋಡೆಗೆ ಒರಗಿದಲ್ಲೇ ಕಣ್ಣು ಮುಚ್ಚಿದಳು. ಬಸವಲಿಂಗಮ್ಮ ಇಬ್ಬರ ಮೇಲೂ ಹೊದಿಕೆ ಎಳೆದರು. ಶನಿವಾರಕ್ಕೆ ಇನ್ನು ನಾಲ್ಕೇ ದಿನ.

ಮಾರನೇ ಬೆಳಿಗ್ಗೆ ಎಲ್ಲರೂ ಹೋದ ಮೇಲೆ, ಪಾತ್ರೆ ಅರ್ಧಕ್ಕೇ ಬಿಟ್ಟು ಮಿಸ್ಸಿನ ದನಿಯನ್ನು ಕಿವಿಗೆ ಒತ್ತಿಕೊಂಡರು. ಒಂದು ಸಲ, ಹತ್ತು ಸಲ. ಮಿಸ್ಸು ಸದ್ದನ್ನು ಹೊರಗೆ ಬಿಟ್ಟ ಕೂಡಲೇ ಬಾಯಿಯ ಬಾಗಿಲು ಹಾಕಿಬಿಡುತ್ತಿದ್ದರು. ತಾವು ಹಾಕಲು ಹೋದರೆ ನಾಲಿಗೆ ಮಾತು ಕೇಳಲಿಲ್ಲ, ಬಾಲ ಬಂದೇ ಬರುತ್ತಿತ್ತು. ಬೇಸರಕ್ಕೆ ಒಳಗೆ ಹೋಗಿ ಹಾಲಿನ ಪಾತ್ರೆ ಇಳಿಸುವಾಗ ಬೆರಳು ಚುರ್ ಎಂದಿತು. ಬಾಯಿಂದ 'ಸ್ಸ್' ಹೊರಟಿತು.

ಬೆರಳು ಹಾಗೇ ಹಿಡಿದು ನಿಂತರು. ಈ ಸದ್ದಿಗೆ ಬಾಲ ಇರಲಿಲ್ಲ.

ಅಂದು ಸಂಜೆ ಪುಸ್ತಕ ತೆಗೆಯಲಿಲ್ಲ. ನೆನೆಹಾಕಿದ ಅವರೆಕಾಳಿನ ಬಟ್ಟಲು ಮುಂದಿಟ್ಟುಕೊಂಡು ಮಗುವನ್ನು ಕರೆದರು.

"ರಂಜು, ಇದನ್ನ ಇಸುಕು. ಬೇಳೆ ಚಿಮ್ಮೋವಾಗ ಏನಂತು?"

"ಪ್."

"ಬಿಕ್ಕಳಿಕೆ ಬಂದ್ರೆ?"

"ಕ್."

"ಅಲ್ಲೇ ನಿಲ್ಲು. ಅದೇ ಕಣವ್ವ ನಿನ್ ಇಂಗ್ಲಿಷು."

ಹೀಗೆ ಎತ್ತು ಹೊಡೆಯುವಾಗ ನಾಲಿಗೆಯಲ್ಲಿ ಮಾಡುವ 'ಟ್' ಸಿಕ್ಕಿತು, ಕತೆ ಕೇಳುತ್ತ ಬಾಯಿ ಮುಚ್ಚಿ ಹೂಂಗುಟ್ಟುವ 'ಮ್' ಸಿಕ್ಕಿತು. ಸಿಕ್ಕದೇ ಹೋಗಿದ್ದು 'ಬ್'. ಬುಧವಾರ ಪೂರಾ ಹುಡುಕಿದರು. ಕೊಡ ಬಗ್ಗಿಸಿ ನೋಡಿದರು, ಬಾಗಿಲು ತಟ್ಟಿ ನೋಡಿದರು. ಗುರುವಾರ ಸಂತೆಗೆ ಹೋದವರು ಸೊಪ್ಪು ಮರೆತು ಲಾರಿ, ಬಸ್ಸುಗಳಿಗೆ ಕಿವಿ ಕೊಟ್ಟು ನಿಂತರು. ಪಕ್ಕದ ಮನೆಯ ದಾಕ್ಷಾಯಣಮ್ಮ ನೋಡಿ ಕೇಳಿದಳು, "ಏನ್ ಬಸವಲಿಂಗವ್ವ, ಏನ್ ಕಳ್ಕೊಂಡೆ?"

"ಒಂದ್ ಸದ್ದು ಕಣೆ."

"ನಮ್ ಮನೆಗ್ ಬಾ. ನಮ್ ಯಜಮಾನ್ರ ಗೊರಕೆ ಬೇಕಾದಷ್ಟೈತೆ, ಗಂಟು ಕಟ್ಕೊಂಡ್ ಓಗು."

ನಗು ಬರಲಿಲ್ಲ. ಬಸವಲಿಂಗಮ್ಮ ಮುಂದಿನ ಲಾರಿಯ ಕಡೆ ಕಿವಿ ತಿರುಗಿಸಿದರು.

ಶುಕ್ರವಾರ ಬೆಳಿಗ್ಗೆ ಪುರಸಭೆಯ ನೀರಿನ ಸರದಿ. ನೀರು ಬರುವ ಮೊದಲು ನಲ್ಲಿ ಬರೀ ಗಾಳಿ ಉಗುಳುತ್ತದಲ್ಲ, ಹಾಗೆ 'ಬ್... ಬ್...' ಎಂದಿತು. ಹಲ್ಲುಜ್ಜುತ್ತಿದ್ದ ರಂಜು ನೊರೆಬಾಯಲ್ಲೇ ಅದನ್ನು ಅಣಕಿಸಿ "ಬ್" ಎಂದಳು. ಬಸವಲಿಂಗಮ್ಮ ಕೊಡ ಇಡುವುದನ್ನೇ ಮರೆತರು.

ಆದರೆ ಸದ್ದು ಸಿಕ್ಕರೆ ಸಾಲದು, ಕೂಡಬೇಕಿತ್ತು. ಸಂಜೆ ಮಗು 'ಬ್, ಆ್ಯ, ಟ್' ಎಂದು ಬಿಡಿಬಿಡಿಯಾಗಿ ಹೇಳಿ ಅಜ್ಜಿಯ ಮುಖ ನೋಡಿತು. ಮತ್ತೆ ಹೇಳಿತು, ಮತ್ತೆ ನೋಡಿತು. ಕೂತಿರಲಾರದೆ ಬಸವಲಿಂಗಮ್ಮ ಎದ್ದು ನಡುಮನೆಯಲ್ಲಿ ಶತಪಥ ಹಾಕಿದರು. ಮಗು ಸೆರಗು ಹಿಡಿದು ಹಿಂದೆಯೇ ಬಂತು, ಒಂದೊಂದು ಹೆಜ್ಜೆಗೆ ಒಂದೊಂದು ಸದ್ದು ಹೇಳುತ್ತ. ಅವರ ಕಳವಳಕ್ಕೆ ಹೆಜ್ಜೆ ಬಿರುಸಾಯಿತು. ಮಗು ಓಡಿತು. ಓಡುವ ಕಾಲಿಗೆ ಸಿಕ್ಕಿ ಮೂರು ಸದ್ದೂ ಒಂದರ ಮೇಲೊಂದು ಬಿದ್ದವು.

"ಬ್ಯಾಟ್," ಎಂದಳು ರಂಜು. ಸೆರಗು ಬಿಟ್ಟು ನಿಂತಳು. "ಅಜ್ಜಿ, ಇದು ಆಡೋ ಬ್ಯಾಟು."

"ಊಂ ಕಣ್ ಮಗ, ಅದೇಯ," ಎಂದು ಬಸವಲಿಂಗಮ್ಮ ಅಲ್ಲೇ ನೆಲದ ಮೇಲೆ ಕೂತರು.

ಶನಿವಾರ ಪ್ರೇಮಕುಮಾರಿಗೆ ರಜೆ ಸಿಗಲಿಲ್ಲ. ಬಸವಲಿಂಗಮ್ಮನೇ ಕರೆದುಕೊಂಡು ಹೋಗಿ, ಕ್ಲಾಸಿನ ಹೊರಗೆ, ಬೆಂಚಿದ್ದರೂ ಕೂರದೆ ಕಿಟಕಿಗೆ ಕಿವಿ ಕೊಟ್ಟು ನಿಂತರು. ಒಳಗೆ ಮಗು 'ಕ್, ಆ್ಯ, ಪ್' ಎಂದಿತು. ಒಂದಕ್ಕೂ ಬಾಲವಿಲ್ಲ. ಆಮೇಲೆ ಸದ್ದೇ ಇಲ್ಲ.

"ಸೇರಿಸು ಪುಟ್ಟಾ," ಎಂದರು ಮಿಸ್ಸು.

ಬಸವಲಿಂಗಮ್ಮನ ಕೈ ಕಿಟಕಿ ಸರಳನ್ನು ಹಿಡಿಯಿತು. ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಯಾಕೆ ಎದ್ದೆ? ಕೂತ್ಕೊಂಡು ಹೇಳು."

"ಕೂತ್ರೆ ಬರಲ್ಲ ಮಿಸ್."

ಮಿಸ್ಸು ನಕ್ಕರೋ ಏನೋ, ಬೇಡ ಅನ್ನಲಿಲ್ಲ. ಪುಟ್ಟ ಬೂಟುಗಳು ಕ್ಲಾಸಿನ ಸುತ್ತ ಟಕಟಕ ಓಡಿದವು. "ಕ್ಯಾಪ್," ಎಂದಿತು ಮಗು. ಇನ್ನೊಂದು ಸುತ್ತಿಗೆ "ಮ್ಯಾಟ್". ಆಮೇಲೆ ನಿಲ್ಲಿಸುವವರೇ ಇಲ್ಲದ ಹಾಗೆ ಐದಾರು ಪದ.

ರಂಜು ಹಣೆಯಲ್ಲಿ ಬೆವರಿಟ್ಟುಕೊಂಡು ಹೊರಗೆ ಬಂದಳು. "ಅಜ್ಜಿ, ನಾನು ಒಂದನೇ ಕ್ಲಾಸಂತೆ. ಯಾರು ಹೇಳ್ಕೊಟ್ಟಿದ್ದು ಅಂತ ಮಿಸ್ ಕೇಳಿದ್ರು."

"ಏನಂದೆ?"

"ಅಮ್ಮ ಅಂದೆ. ನೀನು ಅಂದ್ರೆ ಮತ್ತೆ ನಿಲ್ಲಿಸಿ ಅಂತಾರಲ್ಲ."

ಬಸವಲಿಂಗಮ್ಮ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದರು. ಒಳಗೆ ಮಿಸ್ಸು ಬೇರೆ ಮಗುವಿನ ಹೆಸರು ಕರೆಯುತ್ತಿದ್ದರು. ಒಂದು ಗಳಿಗೆ ನಿಂತು, ವಾಪಸ್ ಬಂದು ಮಗುವಿನ ಚೀಲ ಹೆಗಲಿಗೆ ಹಾಕಿಕೊಂಡರು.

"ಒಳ್ಳೇದ್ ಮಾಡ್ದೆ ಬಿಡು. ಮುಂದಿನ್ ಸದ್ದು ಯಾವ್ದಂತೆ, ಕೇಳ್ಕೊಂಡ್ಯಾ?"

"ಶ್."

"ಅದಾ," ಎಂದರು ಬಸವಲಿಂಗಮ್ಮ, ಆಗಲೇ ಗೇಟಿನ ಕಡೆ ನಡೆಯುತ್ತ. "ಅದು ನಿಮ್ಮಪ್ಪ ತೊಟ್ಲಲ್ಲಿದ್ದಾಗಿಂದ ನಮ್ಮನೇಲೈತೆ."