ಹೆಸರು ತೆಗೆಯದ ಹಾಡುಗಾರ

ನೈಜೀರಿಯಾದ ನಮ್ಮ ಕ್ಯಾಲಬಾರಿನಲ್ಲಿ ಯಾರ ಮನೆಯ ಮದುವೆಯಾದರೂ ಒಕೊಕೊನ್‌ನ ಹಾಡು ಬೇಕು, ಒಕೊಕೊನ್ ಬೇಡ. ಅವನ ತಂಡದಲ್ಲಿ ಬಾಸ್ ಗಿಟಾರು ನುಡಿಸುವ ನಾನು ಇದನ್ನು ನೋಡಿ ನೋಡಿ ರೋಸಿಹೋಗಿದ್ದೇನೆ.

ಅವನ ಅಪ್ಪ ಚರ್ಚಿನಲ್ಲಿ ಹಾಡುಗಾರರ ಮೇಳ ನಡೆಸುತ್ತಿದ್ದವರು. ಸ್ವರಜ್ಞಾನ ಮಗನಿಗೆ ಅಲ್ಲೇ ಬಂತು. ಗಿಟಾರನ್ನು ನದಿದಂಡೆಯ ಹೋಟೆಲಿನಲ್ಲಿ ಹೈಲೈಫ್ ಎಂಬ ಕುಣಿತದ ಸಂಗೀತ ನುಡಿಸುತ್ತಿದ್ದ ಮುದುಕರಿಂದ ಕಲಿತ. ಆ ಮುದುಕರು ಕೈಬಿಟ್ಟ ಮೇಲೆ ಹೋಟೆಲಿನ ಶನಿವಾರದ ಕಚೇರಿ ಅವನದೇ ಆಯಿತು. ಏನನ್ನೂ ಮುಚ್ಚಿಡುವವನಲ್ಲ. "ಮದ್ವೆ ಯಾವಾಗಪ್ಪಾ?" ಎಂದು ಯಾರಾದರೂ ಕೇಳಿದರೆ, "ನಂಗೆ ಹೆಣ್ಣು ಹುಡುಕ್ಬೇಡಿ, ನನ್ನ ಮನಸ್ಸು ಗಂಡಸ್ರ ಕಡೆಗೆ" ಎನ್ನುತ್ತಿದ್ದ. ಜನ ತಮಾಷೆಯೆಂದುಕೊಂಡು ನಗುತ್ತಿದ್ದರು. ಗಂಡು ಗಂಡಿನ ಜೊತೆ ಬಾಳಿದರೆ ಜೈಲು ಎಂಬ ಕಾನೂನು ಬಂದ ಮೇಲೆ ಆ ನಗು ನಿಂತಿತು. ಅವನು ಮಾತ್ರ ಉತ್ತರ ಬದಲಿಸಲಿಲ್ಲ.

ಎದೆಮ್ ಅವನ ಬಾಳಿಗೆ ಬಂದದ್ದು ಆಗಲೇ. ಕ್ಯಾಲಬಾರಿನಿಂದ ನದಿಯಾಚೆಯ ಒರೋನ್‌ಗೆ ಜನರನ್ನು ದಾಟಿಸುವ ಮೋಟಾರು ದೋಣಿ ಅವನದು. ಒಕೊಕೊನ್ ಅವನ ಮೇಲೊಂದು ಹಾಡು ಕಟ್ಟಿದ. ನಮ್ಮ ಎಫಿಕ್ ಮಾತಿನಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ಪದ. ಹಾಗಾಗಿ ಆ ಹಾಡು ಯಾರ ಮೇಲಿನದಾದರೂ ಆಗಬಹುದಿತ್ತು. ಆದರೆ ಪಲ್ಲವಿಯ ಕೊನೆಗೆ "ಎದೆಮ್, ನೀರು ಇಳಿಯೋ ಮುಂಚೆ ಬಾ" ಎಂದು ಗಂಡು ಹೆಸರು ಹಿಡಿದೇ ಕರೆದಿದ್ದ. ಎದೆಮ್‌ನನ್ನು ಕೇಳಿಯೇ ಸೇರಿಸಿದ್ದು. "ಇಟ್ಕೊ ಮಾರಾಯ. ಈ ಊರಲ್ಲಿ ಕಲ್ಲು ಎಸೆದ್ರೆ ಒಬ್ಬ ಎದೆಮ್‌ಗೆ ತಾಗುತ್ತೆ. ಯಾರು ಅಂತ ಹುಡುಕ್ತಾರೆ?" ಎಂದು ಅವನು ನಕ್ಕಿದ್ದ.

ಹಾಡು ಹೋಟೆಲಿನಲ್ಲಿ ಹತ್ತಿಕೊಂಡಿತು. ರೇಡಿಯೋದಲ್ಲಿ ಹಾಡು ಹಾಕುವ ಉಡೊ ಎಂಬವನು ಹುಡುಕಿಕೊಂಡು ಬಂದ.

"ಎಂಥಾ ಹಾಡು ಕಟ್ಟಿದೀಯ! ಆ ಹೆಸರೊಂದು ತೆಗೆದ್ಬಿಡು, ದಿನಾ ಬೆಳಿಗ್ಗೆ ಹಾಕ್ತೀನಿ."

"ತೆಗೆದು ಏನ್ ಹಾಕ್ಲಿ?"

"ಯಾವ್ದಾದ್ರೂ ಹೆಣ್ಣಿನ ಹೆಸ್ರು. ಅರಿತ್ ಅನ್ನು."

"ಅರಿತ್ ನಮ್ಮಕ್ಕ ಕಣೋ!"

ನಾವೆಲ್ಲ ನಕ್ಕೆವು. ಉಡೊ ನಗಲಿಲ್ಲ. "ನೀನು ಹಟ ಮಾಡ್ಕೊಂಡು ಕೂತಿರು. ಹಾಡು ನಿಂಗೋಸ್ಕರ ಕಾಯಲ್ಲ" ಎಂದು ಎದ್ದುಹೋದ.

ಹಾಗೆಯೇ ಆಯಿತು. ಮಳೆಗಾಲ ಮುಗಿಯುವುದರೊಳಗೆ ಬೇರೊಬ್ಬ ಗಾಯಕ ಅದೇ ರಾಗ, ಅದೇ ಸಾಲುಗಳನ್ನು ಹಾಡಿ, ಹೆಸರಿನ ಜಾಗದಲ್ಲಿ "ನನ್ನ ಬಂಗಾರ" ಎಂದು ತುಂಬಿದ. ಬಸ್ಸಿನಲ್ಲಿ ಅದೇ, ಸಲೂನಿನಲ್ಲಿ ಅದೇ, ಮದುವೆಗಳಲ್ಲಂತೂ ಅದಿಲ್ಲದೆ ಕುಣಿತವೇ ಇಲ್ಲ. ಕೇಸು ಹಾಕೋಣವೆಂದು ವಕೀಲರ ಬಳಿ ಹೋದರೆ ಅವರು, "ಕಟಕಟೆ ಹತ್ತಿ ಎದೆಮ್ ಯಾರು ಅಂತ ಹೇಳ್ತೀಯಾ? ಹೇಳಿದ್ರೆ ಒಳಗೆ ಹೋಗೋದು ನೀನೇ" ಎಂದು ವಾಪಸು ಕಳಿಸಿದರು.

ಕಾನೂನಿಗೆ ಹೆದರಿ ಹೋಟೆಲಿನವರು ಶನಿವಾರದ ಕಚೇರಿ ನಿಲ್ಲಿಸಿದರು. ಎದೆಮ್ ಯಾರೆಂಬುದನ್ನು ಊರು ಹುಡುಕಿಯೇಬಿಟ್ಟಿತು. ದೋಣಿಕಟ್ಟೆಯಲ್ಲಿ ಅವನನ್ನು ಹಿಡಿದು ಹೊಡೆದರು. ಅವನ ದೋಣಿ ಹತ್ತುವವರು ಇಲ್ಲವಾದರು. ನಮ್ಮ ಹಿತ್ತಿಲಲ್ಲಿ ಬೋರಲು ಮಲಗಿ, ಬಾಸುಂಡೆಗಳಿಗೆ ಬಿಸಿನೀರಿನ ಬಟ್ಟೆ ಇಡಿಸಿಕೊಳ್ಳುತ್ತ ಎದೆಮ್ ಹೇಳಿದ: "ಹೆಸ್ರು ಕೊಟ್ಟಿದ್ದೆ ಕಣೋ. ಬೆನ್ನು ಕೊಡ್ತೀನಿ ಅಂದಿರ್ಲಿಲ್ಲ."

"ತೆಗೆದ್ಬಿಡ್ತೀನಿ" ಎಂದ ಒಕೊಕೊನ್. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

"ಏಟು ತಿಂದಾದ್ಮೇಲಾ? ಈಗ ತೆಗೆದ್ರೆ ನಾನು ಸುಮ್ಸುಮ್ನೆ ತಿಂದ ಹಾಗಾಗುತ್ತೆ. ಇರ್ಲಿ ಬಿಡು."

ನಡೆಯುವಷ್ಟು ಚೇತರಿಸಿಕೊಂಡ ಕೂಡಲೇ ಅವನು ದೋಣಿ ಸಮೇತ ಗಡಿಯಾಚೆ, ಕ್ಯಾಮರೂನಿನ ಲಿಂಬೆಗೆ ಹೊರಟುಹೋದ.

ಮರುವರ್ಷ ಒಕೊಕೊನ್‌ನ ಅಕ್ಕ ಅರಿತ್‌ಳ ಮಗಳು ಇಕ್ವೊಳ ಮದುವೆ. ಅರಿತ್ ತಾನೇ ಬಂದು ಕರೆದಳು. "ಬಾ, ಊಟ ಮಾಡು, ಮಗೂನ ಹರಸು. ಮೈಕಿನ ಹತ್ರ ಮಾತ್ರ ಹೋಗ್ಬೇಡ ಕಣೋ." ಅವನು ಒಪ್ಪಿದ, ಒಪ್ಪಿದಂತೆ ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಬಾಡಿಗೆಗೆ ಬಂದ ತಂಡ ಅದೇ ಹಾಡು ಎತ್ತಿಕೊಂಡಿತು. ಮುಡಿತುಂಬ ಮದುಮಗಳ ಹಿತ್ತಾಳೆ ಬಾಚಣಿಗೆ ಸಿಕ್ಕಿಸಿಕೊಂಡು ಕುಣಿಯುತ್ತಿದ್ದ ಇಕ್ವೊ ಥಟ್ಟನೆ ನಿಂತಳು.

"ನಮ್ಮ ಮಾಮ ಇಲ್ಲೇ ಕೂತಿರೋವಾಗ ಇವ್ರ ಕೈಲಿ ಯಾಕೆ ಹಾಡಿಸ್ತೀರಿ? ಏಳು ಮಾಮ!"

ಕೈಹಿಡಿದು ಎಳೆದೊಯ್ದಳು. ಅವನು ಹಾಡಿದ. ನಾಲ್ಕಾರು ಸಾಲಿನವರೆಗೆ ಊರೇ ಎದ್ದು ಕುಣಿಯಿತು. ಎದೆಮ್ ಎಂಬ ಹೆಸರು ಬಂದದ್ದೇ ತಡ, ಪಾದ್ರಿ ಬೆರಳೆತ್ತಿದರು, ಜನರೇಟರು ನಿಂತಿತು. ಬರಿಗಂಟಲಿನಲ್ಲಿ ಹಾಡು ಮುಗಿಸಿದ. ಮುಂದಿನ ಸಾಲಿನ ಅಜ್ಜಿಯರು ಸೊಂಟ ಅಲ್ಲಾಡಿಸುತ್ತಲೇ ಇದ್ದರು. ಹಿಂದಿದ್ದವರು ಆಗಲೇ ಊಟದ ಕಡೆ ತಿರುಗಿದ್ದರು.

"ಒಂದು ದಿನ ಸುಮ್ನಿರೋಕೆ ಆಗ್ಲಿಲ್ವಾ ನಿಂಗೆ?" ಅರಿತ್ ಅಳುತ್ತಿದ್ದಳು.

"ನಿನ್ನ ಮಗಳು ಕುಣಿದಿದ್ದು ಯಾರ ಹಾಡಿಗೆ ಅಕ್ಕ?"

"ಅದು ನಂಗ್ಬೇಡ. ನಾಳೆ ಬೀಗರಿಗೆ ಮುಖ ತೋರಿಸ್ಬೇಕಾದೋಳು ನಾನು."

"ನಾನೂ ತೋರಿಸ್ತಾನೇ ಇದೀನಲ್ಲ, ಇಷ್ಟು ವರ್ಷದಿಂದ."

ಅರಿತ್ ಆಮೇಲೆ ಅವನ ಮನೆಗೆ ಬಂದಿಲ್ಲ. ಇಕ್ವೊ ಗಂಡನ ಮನೆಯಿಂದ ಕದ್ದು ಫೋನು ಮಾಡುತ್ತಾಳೆ. ಲಿಂಬೆಯಿಂದ ಎದೆಮ್‌ನ ಫೋನೂ ಬರುತ್ತದೆ. ಯಾವಾಗ ಬರುತ್ತೇನೆಂದು ಅವನು ಹೇಳುವುದಿಲ್ಲ, ಇವನು ಕೇಳುವುದಿಲ್ಲ. ಒಕೊಕೊನ್ ಈಗ ವಾಟ್ ಮಾರ್ಕೆಟ್ಟಿನಲ್ಲಿ ಹಳೇ ಸ್ಪೀಕರು ರಿಪೇರಿ ಮಾಡುತ್ತಾನೆ. ಕೆಲಸ ಮುಗಿಸಿ ನಮ್ಮ ಹಿತ್ತಿಲಿಗೆ ಬಂದರೆ ತಂಡದ ಅಭ್ಯಾಸ. ಈಚೆಗೆ ಕಟ್ಟಿದ ಹಾಡುಗಳು ಮೊದಲಿನವುಗಳಿಗಿಂತ ಚೆನ್ನಾಗಿವೆ. ಮೊನ್ನೆ ಒಂದನ್ನು ಅರ್ಧಕ್ಕೇ ಬಿಟ್ಟು, ಗಿಟಾರನ್ನು ಗೋಡೆಗೆ ಒರಗಿಸಿ, "ಯಾರಿಗೆ ನುಡಿಸ್ತಿದೀವಿ ನಾವು?" ಎಂದು ಸಿಡುಕಿದ. ಡ್ರಮ್ಮಿನವನು ಹೊರಗೆ ಹೋಗಿ ಸಿಗರೇಟು ಸೇದಿ ಬಂದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆವು.