ಬ್ರಿಟ್ ಅವರನ್ನು ಮಾತ್ರ ಮರೆಯುತ್ತಿದ್ದ ಫಾರಂ

ಮೊನ್ನೆ ಮಗಳನ್ನು ಈಜು ತರಗತಿಗೆ ಸೇರಿಸಲು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹೆಸರು, ವಿಳಾಸ, ಇಲ್ಲಿ ಸ್ವೀಡನ್‌ನಲ್ಲಿ ಎಲ್ಲದಕ್ಕೂ ಕೇಳುವ ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ, ಅಲರ್ಜಿ ಇದೆಯೇ, ನೀರಿಗೆ ಹೆದರುತ್ತಾಳೆಯೇ, ಎಲ್ಲ ತುಂಬಿದ್ದೆ. ಅಷ್ಟರಲ್ಲಿ ಒಲೆಯ ಮೇಲಿನ ಸಾರಿನ ನೆನಪಾಗಿ ಎದ್ದು ಹೋದೆ. ತಿರುಗಿ ಬಂದಾಗ ಪರದೆಯ ಮೇಲೆ ಸ್ವೀಡಿಷ್ ಭಾಷೆಯ ಒಂದೇ ಒಂದು ಸಾಲು: ನಿಮ್ಮ ಸೆಷನ್ ಮುಗಿದಿದೆ, ಮೊದಲಿನಿಂದ ಆರಂಭಿಸಿ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಫ್ಲಾವಿಯಾಳ ನೆನಪು.

ನೆನಪು ಎಂದೆ. ಆ ಪದವನ್ನು ನೀವು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನಾನು ಉಪ್ಸಾಲಾದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಯಾವುದನ್ನೂ ಸುಲಭವಾಗಿ ನಂಬಬಾರದು ಎಂದು ಅಲ್ಲಿ ಕಲಿಸಿದರು, ನಾನು ಅದನ್ನು ಬೇಕಾದ್ದಕ್ಕಿಂತ ಹೆಚ್ಚೇ ಕಲಿತೆ. ಈಚೆಗೆ ನನ್ನ ನೆನಪನ್ನೇ ನಂಬುವುದು ಕಷ್ಟವಾಗಿದೆ. ನಾನು ಮದುವೆಯ ಕಥೆ ಹೇಳುವಾಗಲೆಲ್ಲ ಹೆಂಡತಿ ಪಕ್ಕದಲ್ಲಿ ಕೂತು, "ಅದು ನಮ್ಮ ಮದುವೆ ಅಲ್ಲ, ನಿಮ್ಮಣ್ಣಂದು," ಎನ್ನುತ್ತಾಳೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಫ್ಲಾವಿಯಾ ಮಾಡಿದ್ದಷ್ಟೂ ನಿಜ, ನಾನು ಮಾಡಿದ್ದರ ಬಗ್ಗೆ ಖಾತ್ರಿ ಇಲ್ಲ ಎಂದು ಇಟ್ಟುಕೊಳ್ಳಿ.

ಓದು ಮುಗಿಸಿ ನಾನು ಐಟಿ ಕಂಪನಿಗಳ ಬಡಾವಣೆಯಾದ ಕಿಸ್ಟಾದಲ್ಲಿ ಒಂದು ಸಣ್ಣ ಕಂಪನಿಗೆ ಸೇರಿದೆ. ಊರುಗಳ ಆಡಳಿತ ನೋಡಿಕೊಳ್ಳುವ ಕಮ್ಯೂನ್‌ಗಳಿಗೆ ವೆಬ್ ಪುಟ ಮಾಡಿಕೊಡುವ ಕೆಲಸ. ನಮ್ಮ ಗುಂಪಿನಲ್ಲಿ ಕನ್ನಡದವರು ಮೂವರು: ನಾನು, ಬೆಂಗಳೂರಿನ ಪ್ರಸನ್ನ, ಮಂಗಳೂರಿನ ಫ್ಲಾವಿಯಾ. ಮನೆಯಲ್ಲಿ ಕೊಂಕಣಿ ಮಾತಾಡುವ ಫ್ಲಾವಿಯಾ ನಮ್ಮ ಜೊತೆ ಬೆಂಗಳೂರು ಕನ್ನಡದ ಹಾಗೇ ಕೇಳಿಸುವ ಒಂದು ಕನ್ನಡ ಇಟ್ಟುಕೊಂಡಿದ್ದಳು. ಸಿಟ್ಟು ಬಂದಾಗ ಮಾತ್ರ ಒಳಗಿನ 'ಎಂತ ಮಾರಾಯ' ಹೊರಗೆ ಬರುತ್ತಿತ್ತು. ಆಗ ಪ್ರಸನ್ನ ನನಗೆ ಕಣ್ಣು ಹೊಡೆಯುತ್ತಿದ್ದ. ಆ ಎರಡು ಪದ ಕೇಳಿಸಿತೆಂದರೆ ನಮ್ಮಿಬ್ಬರಲ್ಲಿ ಒಬ್ಬರ ಕೋಡ್‌ನಲ್ಲಿ ತಪ್ಪು ಸಿಕ್ಕಿದೆ ಎಂದೇ ಅರ್ಥ.

ಈ ಸೆಷನ್ ಎಂದರೇನೆಂದು ಒಂದೆರಡು ಮಾತು ಹೇಳಿಬಿಡುತ್ತೇನೆ. ವೆಬ್‌ಗೆ ಹುಟ್ಟಿನಿಂದಲೇ ಮರೆವು. ನೀವು ಒಂದು ಪುಟ ತುಂಬಿ ಮುಂದಿನ ಪುಟಕ್ಕೆ ಹೋದರೆ, ಆ ಕಡೆಯ ಸರ್ವರ್‌ಗೆ ನೀವು ಯಾರೋ ಹೊಸಬರು. ಅದಕ್ಕಾಗಿ ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡಿನಂಥ ಒಂದು ಏರ್ಪಾಡು. ಸರ್ವರ್ ನಿಮಗೊಂದು ಟೋಕನ್ ಕೊಟ್ಟು, ನೀವು ತುಂಬಿದ್ದನ್ನೆಲ್ಲ ಆ ಸಂಖ್ಯೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಗೂಡಿನಲ್ಲಿರುವ ಸಾಮಾನುಗಳೇ ಸೆಷನ್ ವೇರಿಯಬಲ್‌ಗಳು. ನಿಮ್ಮ ಬ್ರೌಸರ್ ಪ್ರತಿ ಪುಟದಲ್ಲೂ ಟೋಕನ್ ತೋರಿಸುತ್ತ ಹೋಗುತ್ತದೆ. ಟೋಕನ್ ತಪ್ಪಿತೋ, ನೀವು ಮತ್ತೆ ಬರಿಗಾಲಿನವರು.

ಒಂದು ಕಮ್ಯೂನ್‌ಗೆ ನಾವು ಸಭಾಂಗಣ ಕಾಯ್ದಿರಿಸುವ ನಾಲ್ಕು ಪುಟದ ಫಾರಂ ಮಾಡಿದ್ದೆವು. ಅದರ ಮೇಲೆ ದೂರು ಬಂತು. ದೂರು ಕೊಟ್ಟವರು ಬ್ರಿಟ್ ಎಂಬ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ, ತಮ್ಮ ಊರಿನ ಹಾಡುಗಾರರ ಸಂಘದ ಕಾರ್ಯದರ್ಶಿ. ಮೂರನೇ ಪುಟಕ್ಕೆ ಬಂದಾಗ ಹಿಂದೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅವರ ದೂರು. ಮೊದಲೂ ಹೀಗೇ ಬರೆದಿದ್ದರು, ನಾವು ಪರೀಕ್ಷಿಸಿ 'ಸರಿಯಾಗಿದೆ' ಎಂದು ಮುಚ್ಚಿದ್ದೆವು. ಈ ಸಲ ಕಮ್ಯೂನ್‌ನವರು ಕೆಳಗೆ ಒಂದು ಸಾಲು ಸೇರಿಸಿದ್ದರು: ಇವರಿಗೆ ವಯಸ್ಸಾಗಿದೆ, ಮಗ ತುಂಬಿದಾಗ ಫಾರಂ ಸರಿಯಾಗಿ ಹೋಗಿದೆ.

"ನನ್ನ ಮಷಿನ್‌ನಲ್ಲಿ ಸೂಪರಾಗಿ ಓಡ್ತಿದೆ ಗುರೂ," ಎಂದ ಪ್ರಸನ್ನ.

"ಪಾಪ, ತುಂಬಿದ್ದೀನಿ ಅಂತ ಅಂದ್ಕೊಂಡಿರ್ತಾರೆ, ತುಂಬಿರಲ್ಲ." ಈ ಮಾತನ್ನು ಹೇಳಿದ್ದು ಪ್ರಸನ್ನ ಎಂದು ನನ್ನ ನೆನಪು, ನಾನೇ ಎಂದು ಪ್ರಸನ್ನನ ನೆನಪು. ಇಬ್ಬರೂ ಪ್ರಮಾಣ ಮಾಡಲು ಸಿದ್ಧರಿದ್ದೇವೆ.

ಫ್ಲಾವಿಯಾ ಮಾತ್ರ ಕಾಫಿ ಲೋಟ ಕೆಳಗಿಟ್ಟಳು. "ಎಂತ ಮಾರಾಯ, ಅವರನ್ನ ಯಾರಾದ್ರೂ ಕೇಳಿದ್ದೀರಾ?"

"ಏನಂತ ಕೇಳೋದು? ನಿಮಗೆ ಮರೆವು ಇದ್ಯಾ ಅಂತಾನಾ?" ಎಂದ ಪ್ರಸನ್ನ.

"ಏನ್ ಮಾಡ್ತೀರಿ ಅಂತ."

ನಮ್ಮ ಕೆಲಸದಲ್ಲಿ ದೂರು ಕೊಟ್ಟವರಿಗೆ ಫೋನ್ ಮಾಡುವ ಪದ್ಧತಿ ಇರಲಿಲ್ಲ. ದೂರಿಗೊಂದು ಸಂಖ್ಯೆ ಇತ್ತು, ನಾವು ಆ ಸಂಖ್ಯೆಯ ಜೊತೆ ವ್ಯವಹರಿಸುತ್ತಿದ್ದೆವು. ಫ್ಲಾವಿಯಾ ಕಮ್ಯೂನ್ ಮೂಲಕ ಒಪ್ಪಿಗೆ ಕೇಳಿ ಬ್ರಿಟ್ ಅವರಿಗೆ ಫೋನ್ ಮಾಡಿದಳು, ಮಾತು ಮುಗಿಸಿ ಬಂದು ನಮ್ಮ ಮುಂದೆ ಕೂತಳು. ಆಮೇಲೆ ಹೇಳಿದಳು: ಮಗ ಆರೋಗ್ಯ ಕೇಂದ್ರದಲ್ಲಿ ತಾಯಿಯ ನೆನಪಿನ ಪರೀಕ್ಷೆಗೆ ಸಮಯ ಗೊತ್ತು ಮಾಡಿದ್ದಾನೆ. ಸಂಘದವರು ಕಾರ್ಯದರ್ಶಿಯನ್ನು ಬದಲಾಯಿಸೋಣವೇ ಎಂದು ಮೆಲ್ಲಗೆ ಮಾತಾಡುತ್ತಿದ್ದಾರೆ. ಬ್ರಿಟ್ ಅವರಿಗೂ ಈಗ ತಮ್ಮ ಮೇಲೆ ನಂಬಿಕೆ ಹೋಗುತ್ತಿದೆ. ಮನೆಯ ಬಾಗಿಲು ಹಾಕಿ, ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವರು ಮತ್ತೆ ಹತ್ತುತ್ತಾರಂತೆ.

"ನಮ್ಮ ಫಾರಂನಿಂದ ಒಬ್ರಿಗೆ ತಲೆ ಸರಿಯಿಲ್ಲ ಅಂತಾಗ್ತಿದೆ," ಎಂದಳು. "ನಿಜವಾಗ್ಲೂ ಅವರದ್ದೇ ಮರೆವಾದ್ರೆ ಸರಿ. ಅಲ್ಲದಿದ್ರೆ?"

ಈ 'ಅಲ್ಲದಿದ್ರೆ'ಯನ್ನು ನಾನು ಎಷ್ಟು ಮೆಚ್ಚುತ್ತೇನೆಂದು ಹೇಳಲಾರೆ. ಸಂಶಯ ನನ್ನ ಓದು, ನನ್ನ ಹೆಮ್ಮೆ. ಆದರೆ ನನ್ನ ಸಂಶಯ ಯಾವಾಗಲೂ ಎದುರಿಗಿರುವವರ ಕಡೆಗೇ ಹೊರಡುತ್ತಿತ್ತು. ಅವಳದು ಮೊದಲು ತನ್ನ ಕೆಲಸದ ಕಡೆಗೆ ತಿರುಗುತ್ತಿತ್ತು. ಎದುರಿಗಿದ್ದವರು ತಮ್ಮ ಸರದಿ ಕಾಯಬಹುದಿತ್ತು.

ಅವಳದೊಂದು ಅಭ್ಯಾಸವಿತ್ತು. ಸೆಷನ್ ತೊಂದರೆ ಎಂದ ಕೂಡಲೇ ನಾವೆಲ್ಲ ಊಹೆ ಶುರು ಮಾಡುತ್ತಿದ್ದೆವು: ಸಮಯ ಮೀರಿರಬೇಕು, ಸರ್ವರ್ ಬದಲಾಗಿರಬೇಕು, ಎರಡು ಕಡೆ ಒಂದೇ ಹೆಸರಿನ ವೇರಿಯಬಲ್ ಇರಬೇಕು. ಅವಳು ಕೈಯೆತ್ತಿ, "ಊಹೆ ಬೇಡ. ಒಳಗೆ ಏನಿದೆ ಅಂತ ಪ್ರಿಂಟ್ ಮಾಡು," ಎನ್ನುತ್ತಿದ್ದಳು. ಪ್ರತಿ ಪುಟದ ಅಡಿಯಲ್ಲಿ ಟೋಕನ್ ಸಂಖ್ಯೆಯನ್ನೂ ಗೂಡಿನಲ್ಲಿರುವುದನ್ನೂ ಸಣ್ಣ ಅಕ್ಷರದಲ್ಲಿ ಹಾಗೇ ಪರದೆಯ ಮೇಲೆ ತೋರಿಸಿ ನೋಡುವುದು. ಬ್ರಿಟ್ ಅವರಿಗೂ ಫಾರಂನ ಅಂಥದ್ದೊಂದು ಪ್ರತಿ ತಯಾರಿಸಿ, ಒಂದು ಬೆಳಿಗ್ಗೆ ರೈಲು ಹಿಡಿದು ಉಪ್ಸಾಲಾಕ್ಕೂ, ಅಲ್ಲಿಂದ ಬಸ್ಸಿನಲ್ಲಿ ಅವರ ಊರಿಗೂ ಹೋದಳು. ಮ್ಯಾನೇಜರ್ ಒಪ್ಪಿದ್ದು ಹೇಗೋ ಗೊತ್ತಿಲ್ಲ. ಬಹುಶಃ ಫೀಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ, ಬಾಯಲ್ಲಿ ಬನ್ ಇದ್ದಾಗ ಕೇಳಿರಬೇಕು.

ನಾನು ಆವತ್ತು ಅಲ್ಲಿರಲಿಲ್ಲ. ಆದರೂ ಅವಳು ಹೇಳಿದ್ದನ್ನು ಕೇಳಿ ಕೇಳಿ, ಆ ಅಡುಗೆಮನೆಯಲ್ಲಿ ನಾನೂ ಇದ್ದೆನೆಂದು ಅನಿಸುತ್ತದೆ. ಫ್ಲಾವಿಯಾ ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಳಂತೆ. ಬ್ರಿಟ್ ಮೊದಲ ಪುಟ ತುಂಬಿದರು. ಎರಡನೆಯದು ತುಂಬಿದರು. ಮೂರನೆಯದರಲ್ಲಿ 'ಹೇಗೆ ತುಂಬಬೇಕು' ಎಂಬ ಸೂಚನೆಗಳ ಕೊಂಡಿ ಇತ್ತು. ಶಿಕ್ಷಕಿಯಲ್ಲವೇ, ಅದನ್ನು ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿದರು. ಓದಿ ಮುಗಿಸಿ, ಆ ಪುಟದ ಕೊನೆಯಲ್ಲಿದ್ದ 'ಫಾರಂಗೆ ಹಿಂತಿರುಗಿ' ಒತ್ತಿದರು. ಪುಟದ ಅಡಿಯಲ್ಲಿ ಟೋಕನ್ ಸಂಖ್ಯೆ ಬದಲಾಗಿತ್ತು. ಗೂಡು ಖಾಲಿ.

ಹಿಂತಿರುಗುವ ಆ ಕೊಂಡಿಯಲ್ಲಿ ವೆಬ್ ವಿಳಾಸದ ಮೊದಲ ಮೂರು ಅಕ್ಷರ ಬಿಟ್ಟುಹೋಗಿದ್ದವು, ಆ ಮೂರು ಡಬ್ಲ್ಯೂಗಳು. ಮನುಷ್ಯರಿಗೆ ಅದೇ ವಿಳಾಸ, ಬ್ರೌಸರ್‌ಗೆ ಬೇರೆ. ಅದು ಹಳೆಯ ಟೋಕನ್ ತೋರಿಸಲಿಲ್ಲ, ಸರ್ವರ್ ಹೊಸದೊಂದನ್ನು ಕೊಟ್ಟಿತು. ನಮ್ಮ ಪರೀಕ್ಷೆಯ ಯಂತ್ರಗಳಲ್ಲಿ ಆ ಮೂರು ಅಕ್ಷರವೇ ಇಲ್ಲದ್ದರಿಂದ ಅಲ್ಲಿ ಈ ತಪ್ಪು ಕಾಣುವ ಸಂಭವವೇ ಇರಲಿಲ್ಲ. ಅಷ್ಟೇ ಅಲ್ಲ, ನಾವ್ಯಾರೂ ಸೂಚನೆಯ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಪ್ರೆಶರ್ ಕುಕ್ಕರ್‌ನಿಂದ ಹಿಡಿದು ವಿಮಾನದವರೆಗೆ ಸೂಚನೆ ಓದದೆ ಬಳಸುವವರು ನಾವು. ಸೂಚನೆಯನ್ನು ಪೂರ್ತಿ ಓದುವವರನ್ನು ಮಾತ್ರ ಮರೆಯುವ ಫಾರಂ ಒಂದನ್ನು ನಾವು ತಯಾರಿಸಿದ್ದೆವು.

ಬ್ರಿಟ್ ಆ ಬದಲಾದ ಸಂಖ್ಯೆಯನ್ನೇ ನೋಡುತ್ತ ಕೂತರಂತೆ. ಆಮೇಲೆ, "ಇದನ್ನು ನನ್ನ ಮಗನಿಗೂ ಹೇಳು," ಎಂದರಂತೆ. ಫ್ಲಾವಿಯಾ ಅಲ್ಲಿಂದಲೇ ಫೋನ್ ಮಾಡಿ ಹೇಳಿದಳು: "ನಿಮ್ಮ ತಾಯಿ ಸರಿಯಾಗೇ ಮಾಡಿದ್ದಾರೆ. ನೀವು ಸೂಚನೆ ಓದಿಲ್ಲ, ಅದಕ್ಕೇ ನಿಮಗೆ ಕೆಲಸ ಆಗಿದೆ." ಮಗ ಪರೀಕ್ಷೆಯನ್ನು ರದ್ದು ಮಾಡಿದ. ಸಂಘದವರು ಬೇರೆ ಕಾರ್ಯದರ್ಶಿಯ ಮಾತೆತ್ತಲಿಲ್ಲ. ನಾವು ಆ ಕೊಂಡಿಯಲ್ಲಿ ಮೂರು ಅಕ್ಷರ ಸೇರಿಸಿದೆವು, ಅದಕ್ಕೆ ಹಿಡಿದ ಹೊತ್ತು ಹೇಳಿಕೊಳ್ಳುವಂಥದ್ದಲ್ಲ.

ಇದೆಲ್ಲ ಆಗಿ ವರ್ಷಗಳಾದವು. ನಾನು ಆಮೇಲೆ ಎರಡು ಕಂಪನಿ ಬದಲಾಯಿಸಿದೆ, ಫ್ಲಾವಿಯಾ ಉಪ್ಸಾಲಾಕ್ಕೆ ಹೋದಳು. ಈಜು ತರಗತಿಯ ಫಾರಂ ನನ್ನನ್ನು ಮರೆತ ಮೊನ್ನೆ, ಈ ಕಥೆ ನಿಜವಾಗಿಯೂ ಹೀಗೇ ನಡೆಯಿತೇ ಎಂದು ಅವಳಿಗೇ ಫೋನ್ ಮಾಡಿ ಕೇಳಿದೆ.

"ಅಷ್ಟೊಂದು ದೊಡ್ಡದು ಮಾಡ್ಬೇಡ. ಮ್ಯಾನೇಜರ್ ಬಾಯಲ್ಲಿ ಬನ್ ಎಲ್ಲ ಇರ್ಲಿಲ್ಲ," ಎಂದಳು. ಆಮೇಲೆ, "ಶನಿವಾರ ಬ್ರಿಟ್ ಮನೆಗೆ ಹೋಗ್ತಿದ್ದೇನೆ. ನೀನೂ ಬಾ," ಎಂದಳು. ಅವರ ನಡುವೆ ಆ ಗೆಳೆತನ ಉಳಿದುಕೊಂಡಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಶನಿವಾರ ನಾವು ಹೋದಾಗ ಹಿಮ ಕರಗಿ, ದಾರಿಯಲ್ಲಿ ಜಾರದಂತೆ ಹಾಕಿದ್ದ ಜಲ್ಲಿಯಷ್ಟೇ ಉಳಿದಿತ್ತು. ಬಾಗಿಲು ತೆರೆದ ಬ್ರಿಟ್ ಫ್ಲಾವಿಯಾಳನ್ನು ಅಪ್ಪಿಕೊಂಡರು. ಹೆಸರು ಬರಲಿಲ್ಲ. "ಕಂಪ್ಯೂಟರಿನವಳು," ಎಂದರು. "ಫ್ಲಾವಿಯಾ," ಎಂದಳು ಅವಳು, ಮೊದಲ ಸಲ ಹೇಳುವವಳಂತೆ. ಕಾಫಿ ಕುಡಿದ ಮೇಲೆ ಬ್ರಿಟ್ ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಮಗ ಅದರಲ್ಲಿ ಕ್ಯಾಲೆಂಡರ್ ಹಾಕಿಕೊಟ್ಟಿದ್ದಾನೆ. ತಾವು ಬರೆಯದ ಭೇಟಿಗಳು ಅದರಲ್ಲಿ ಕಾಣಿಸಿಕೊಳ್ಳುತ್ತಿವೆ ಎಂದರು. "ನೀನು ನೋಡಿ ಹೇಳು. ಈ ಸಲವೂ ತಪ್ಪು ಯಂತ್ರದ್ದೇ ತಾನೇ?"

ನನ್ನ ಬಾಯಲ್ಲಿ ಒಂದು ಒಳ್ಳೆಯ ಸುಳ್ಳು ಸಿದ್ಧವಾಗಿತ್ತು. ಫ್ಲಾವಿಯಾ ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಫೋನ್ ಕೈಗೆತ್ತಿಕೊಂಡಳು. ಯಾವ ಖಾತೆಯಿಂದ ಏನು ಬರುತ್ತಿದೆ, ಮಗನ ಫೋನಿನಿಂದ ಏನಾದರೂ ಸೇರುತ್ತಿದೆಯೇ, ಎಲ್ಲ ತೆರೆದು ನೋಡಿದಳು. ಬ್ರಿಟ್ ಅವರಿಂದಲೇ ಒಂದು ಭೇಟಿ ಬರೆಸಿ ನೋಡಿದಳು. ಹಳೆಯ ಆ ಫಾರಂನ ಮುಂದೆ ಹೀಗೇ ಕೂತಿದ್ದಳೆಂದು ತೋರುತ್ತದೆ. ಉತ್ತರ ಗೊತ್ತಿದೆ ಎಂದು ನಮಗನಿಸುವ ಕಡೆಯಲ್ಲೂ ಅವಳು ಹುಡುಕುವುದನ್ನು ಅರ್ಧಕ್ಕೆ ಬಿಡುವವಳಲ್ಲ.

"ಫೋನಿನದಲ್ಲ, ಬ್ರಿಟ್," ಎಂದಳು ಕೊನೆಗೆ. "ಅಷ್ಟು ಖಂಡಿತ ಹೇಳಬಲ್ಲೆ. ಉಳಿದದ್ದನ್ನು ಡಾಕ್ಟರ್ ನೋಡಬೇಕು. ನಾನೂ ಜೊತೆಗೆ ಬರುತ್ತೇನೆ."

ಬ್ರಿಟ್ ಕಿಟಕಿಯ ಕಡೆ ನೋಡಿದರು. "ಮಗ ಹೇಳಿದಾಗ ನಾನು ನಂಬಲಿಲ್ಲ," ಎಂದರು ಅವರು. "ನೀನು ಹೇಳಿದರೆ ನಂಬುತ್ತೇನೆ. ಅವತ್ತು ತಪ್ಪು ನನ್ನದಲ್ಲ ಎಂದವಳು ನೀನೊಬ್ಬಳೇ."

ಆಮೇಲೆ ಎದ್ದು, ಏನೂ ಆಗಲಿಲ್ಲವೆಂಬಂತೆ ಕೆಟಲ್ ಹಿಡಿದು ಬಂದರು. ಇಷ್ಟು ದೂರ ಬಂದಿದ್ದೀರಿ, ಒಂದು ಕಪ್ ಕಾಫಿಯನ್ನೂ ಕೊಡಲಿಲ್ಲವಲ್ಲ ಎಂದು ಬೇಸರಪಟ್ಟುಕೊಂಡರು. ಮೇಜಿನ ಮೇಲೆ ನಮ್ಮ ಕಪ್‌ಗಳು ಇನ್ನೂ ಬೆಚ್ಚಗಿದ್ದವು. ನಾನು ಫ್ಲಾವಿಯಾಳ ಮುಖ ನೋಡಿದೆ.

"ಈಗಷ್ಟೇ ಕುಡಿದೆವು, ಬ್ರಿಟ್," ಎಂದಳು ಅವಳು, ಕಪ್ ಮುಂದೆ ಚಾಚುತ್ತ. "ಆದರೂ ಇನ್ನೊಂದು ಕೊಡಿ."

ನಾನೂ ನನ್ನ ಕಪ್ ಚಾಚಿದೆ.