ಮಸುಕು ಮಾಡಿದ ಮುಖ

ಇಲ್ಲಿ ಬರೆಯುವ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು ಯುಗಾದಿಗೆ ಮೊದಲೋ ಆಮೇಲೋ ಎಂದು ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದಲೂ ಇದೆ, ಆದರೆ ಆ ವಾರ ಒಂದು ಸಾಲೂ ಬರೆದಿಲ್ಲ. ಬರೆಯಲು ಧೈರ್ಯ ಬರಲಿಲ್ಲ. ನೆನಪು ನಡೆದದ್ದನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ, ತೆಗೆದು ನೋಡಿದಾಗಲೆಲ್ಲ ಸ್ವಲ್ಪ ತಿದ್ದಿ ಒಳಗಿಡುತ್ತದೆ ಎಂಬುದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ನೀವು ನನ್ನ ಮಾತನ್ನು ಹಾಗೆಯೇ ಕೇಳಿಸಿಕೊಂಡರೆ ಬೇಸರವಿಲ್ಲ.

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ರಾಯಚೂರಿನ ಹಳೆಯ ಓಣಿಯೊಂದರಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೆ ಮಲಗುವುದೆಂದರೆ ಒಲೆಯೊಳಗೆ ಮಲಗಿದಂತೆ. ಹೋಳಿ ಮುಗಿದರೆ ಸಾಕು, ಓಣಿಗೆ ಓಣಿಯೇ ಮಾಳಿಗೆ ಹತ್ತುತ್ತದೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಕಾವು ಇಳಿದ ಮೇಲೆ ಹಾಸಿಗೆ ಹಾಸಿ, ಈ ಮಾಳಿಗೆಯವರು ಆ ಮಾಳಿಗೆಯವರ ಜೊತೆ ಮಾತಾಡುತ್ತಾ ಮಲಗುತ್ತಾರೆ.

ಆ ಮಾಳಿಗೆಗಳ ಮೇಲೆ ಡ್ರೋನ್ ಹಾರತೊಡಗಿದವು. ಮನೆಗಳನ್ನು ಅಳೆಯುವ ಸಮೀಕ್ಷೆ ಎಂದರು. ನಸುಕಿನಲ್ಲಿ, ಹೆಂಗಸರು ಮೈಮೇಲೆ ಬಟ್ಟೆ ಸರಿಯಾಗಿರದೆ ಮಲಗಿರುವಾಗ, ಗುಂಯ್ ಎನ್ನುತ್ತಾ ತಲೆಯ ಮೇಲೆ ಬಂದು ನಿಲ್ಲುತ್ತಿದ್ದವು. ಹೆಂಗಸರು ಗಲಾಟೆ ಮಾಡಿದ ಮೇಲೆ ನಿಯಮಗಳು ಬಂದವು. ಸೂರ್ಯ ಹುಟ್ಟುವ ಮೊದಲು ಹಾರಿಸಬಾರದು, ಯಾವ ಓಣಿಗೆ ಎಂದು ಬರುತ್ತದೆಂದು ಮೊದಲೇ ತಿಳಿಸಬೇಕು, ಚಿತ್ರದಲ್ಲಿ ಬಿದ್ದ ಮುಖಗಳನ್ನು ಯಂತ್ರವೇ ಮಸುಕು ಮಾಡಬೇಕು, ಮಸುಕಿಲ್ಲದ ಪ್ರತಿ ಎಲ್ಲಿಯೂ ಉಳಿಯಬಾರದು. ಯಂತ್ರದ ತೀರ್ಮಾನಕ್ಕೆ ಯಾರಾದರೂ ತಕರಾರು ಹೇಳಿದರೆ ಒಬ್ಬ ಅಧಿಕಾರಿ ಕಣ್ಣಾರೆ ನೋಡಿಯೇ ನಿರ್ಧರಿಸಬೇಕು. ಈ ನಿಯಮಗಳು ಬೇಕೆಂದು ಓಣಿಯವರು ಕೊಟ್ಟ ಮನವಿಗೆ ನಾನೂ ಸಹಿ ಹಾಕಿದ್ದೆ.

ಆದರೆ ಮನೆ ಅಳೆಯುವ ಯಂತ್ರ ಮಾಳಿಗೆಯ ಮೇಲೆ ಮಲಗಿದವರನ್ನೂ ಎಣಿಸುತ್ತದೆ ಎಂದು ನಮಗೆ ತಿಳಿದಿರಲಿಲ್ಲ. ಆ ಎಣಿಕೆಯನ್ನು ಒಂಟಿ ಹೆಂಗಸರ ಪಿಂಚಣಿಗೆ ಜೋಡಿಸಿದ್ದರು. ಚಿಗವ್ವನ ಪಿಂಚಣಿ ನಿಂತುಹೋಯಿತು. ‘ಮನೆಯಲ್ಲಿ ಮತ್ತೊಬ್ಬ ವಯಸ್ಕ ವ್ಯಕ್ತಿ ವಾಸವಿರುವುದು ಕಂಡುಬಂದಿದೆ’ ಎಂಬ ಸಂದೇಶ ಬಂದದ್ದು ಅವಳ ಫೋನಿಗಲ್ಲ. ಕಾಕಾ ಹೋದಾಗ ಅವಳ ಹತ್ತಿರ ಫೋನೇ ಇರಲಿಲ್ಲ. ಕಾಗದಪತ್ರಕ್ಕೆಲ್ಲ ದೇವದುರ್ಗದಲ್ಲಿರುವ ಅವಳ ಮೈದುನನ ನಂಬರು ಕೊಟ್ಟಿದ್ದರು, ಅದು ಹಾಗೇ ಉಳಿದಿತ್ತು. ಅವನು ಮರುದಿನವೇ ಬಸ್ಸು ಹತ್ತಿ ಬಂದ. ಮನೆಯೊಳಗೆ ಬರದೆ ಬಾಗಿಲ ಹೊರಗೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಮಾತಾಡಿದನಂತೆ.

“ಮಷೀನು ಸುಳ್ಳು ಹೇಳತದೇನು ಅತ್ತಿಗಿ? ಮ್ಯಾಲ ಯಾರನ್ನ ಮಲಗಿಸಿಕೊಂತೀರಿ ಹೇಳ್ರಿ. ಇಲ್ಲಾಂದ್ರ ಅಮಾಸಿಯೊಳಗ ನಮ್ಮಣ್ಣನ ಮನಿ ಖಾಲಿ ಮಾಡ್ರಿ.”

ಪಕ್ಕದ ಮನೆಯ ಜುಬೇದಾ ಖಾಲಾ ಸುಮ್ಮನಿರುವವಳಲ್ಲ. “ಅರೆ ಸಾಹೇಬ, ನಮ್ಮ ಮಾಳಿಗಿ ಮ್ಯಾಲ ನಾವು ನಾಕು ಮಂದಿ, ಎರಡು ಆಡು ಮಲಕೊಂತೀವಿ. ನಿನ್ನ ಮಷೀನಿಗೆ ಹೇಳು, ಆಡಿಗೂ ರೇಷನ್ ಬರಸಲಿ!” ಎಂದಳಂತೆ. ಓಣಿ ನಕ್ಕಿತು. ಆದರೆ ನಕ್ಕವರೇ ಅಂದಿನಿಂದ ಚಿಗವ್ವನ ಮಾಳಿಗೆಯ ಕಡೆ ಕಣ್ಣು ಹಾಯಿಸತೊಡಗಿದರು.

ನಾನು ಮಾನ್ವಿಯಲ್ಲಿ ಪಾಠ ಹೇಳಿಕೊಂಡಿರುವವಳು. ಸುದ್ದಿ ತಿಳಿದು ಬಂದಾಗ ಚಿಗವ್ವ ಅಡುಗೆಮನೆಯಲ್ಲಿ ಮೂಲೆ ಹಿಡಿದು ಕೂತಿದ್ದಳು. “ಪಗಾರ ಹೋದ್ರ ಹೋಗಲಿ ಯವ್ವಾ. ಹೆಸರು ಕೆಟ್ಟರ ಈ ಓಣ್ಯಾಗ ಕೊಡ ಹಿಡಕೊಂಡು ನಳದ ಮುಂದ ಹ್ಯಾಂಗ ನಿಂದರಲಿ?” ಎಂದಳು.

ಮತ್ತೆ ಡ್ರೋನ್ ಬರುವ ದಿನ ನಾನೇ ಬಂದು ಜೊತೆಗೆ ಮಲಗುತ್ತೇನೆ, ಚಿತ್ರದಲ್ಲಿ ನಾವಿಬ್ಬರೇ ಬೀಳುತ್ತೇವೆ, ಅದನ್ನೇ ಇಟ್ಟುಕೊಂಡು, ಬಂದುಹೋಗುವವರನ್ನೂ ಯಂತ್ರ ವಾಸವಿರುವವರೆಂದು ಎಣಿಸುತ್ತದೆ ಎಂದು ತಕರಾರು ಹಾಕೋಣ ಎಂದೆ. ಅವಳಿಗೆ ಸ್ವಲ್ಪ ನಗು ಬಂತು. “ನೀ ಹೊಡಿಯೂ ಗೊರಕಿಗೆ ಆ ಮಷೀನು ನಿನ್ನೊಬ್ಬಾಕಿನ್ನ ಇಬ್ಬರಂತ ಎಣಿಸಿಗಿಣಿಸೀತು.”

ಡ್ರೋನ್ ಬರುವ ದಿನದ ಹಿಂದಿನ ರಾತ್ರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಮೆಟ್ಟಿಲ ಬಾಗಿಲಿಗೆ ಮಾಳಿಗೆಯ ಕಡೆಯಿಂದ ನಾನೇ ಚಿಲಕ ಹಾಕಿದೆ. ಚಿಗವ್ವ ಹಾಕಿರಲೂಬಹುದು. ಹಾಕಿತ್ತು ಎಂಬುದು ಮಾತ್ರ ನಿಜ, ಬೆಳಿಗ್ಗೆ ಅದನ್ನು ತೆಗೆಯಲು ಒದ್ದಾಡಿದ್ದೆ. ನಾನು ಅವಳಿಗೆ ತಾಗಿಸಿಯೇ ಹಾಸಿಗೆ ಹಾಸಲು ಹೋದಾಗ, “ಸೆಕಿ ಅದ, ಆಕಡಿ ಸರಿ” ಎಂದಳು. ಸರಿದು ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಎಚ್ಚರವಾದದ್ದು ಸದ್ದಿಗೆ. ಬಿಸಿಲು ಇನ್ನೂ ಮಾಳಿಗೆಗೆ ಇಳಿದಿರಲಿಲ್ಲ. ಡ್ರೋನ್ ಖಾಲಾ ಅವರ ಮಾಳಿಗೆಯ ಮೇಲೆ ಗಳಿಗೆ ನಿಂತು ನಮ್ಮ ಕಡೆ ಬಂತು. ನಮ್ಮ ಮೇಲೆ ಬಂದದ್ದು ಮುಂದೆ ಹೋಗಲೇ ಇಲ್ಲ. ಒಂದಿಷ್ಟು ಕೆಳಗಿಳಿಯಿತು. ಮತ್ತೆ ಮೇಲೇರಿತು. ಗುರುತು ಸಿಗದವರ ಮುಖವನ್ನು ಬಗ್ಗಿ ನೋಡುವ ಹಾಗೆ ಇನ್ನೊಮ್ಮೆ ಇಳಿಯಿತು. ಅದು ನನ್ನನ್ನು ನೋಡುತ್ತಿಲ್ಲ, ನನ್ನ ಪಕ್ಕಕ್ಕೆ ನೋಡುತ್ತಿದೆ ಎಂದು ಯಾಕೆ ಅನ್ನಿಸಿತೋ ತಿಳಿಯದು. ಕತ್ತು ಹೊರಳಿಸಲು ಧೈರ್ಯವಾಗದೆ ಕಣ್ಣು ಮುಚ್ಚಿಬಿಟ್ಟೆ. ಸದ್ದು ದೂರವಾದ ಮೇಲೆ ಎದ್ದು ನೋಡಿದರೆ ಚಿಗವ್ವ ಆಗಲೇ ಹಾಸಿಗೆ ಸುತ್ತುತ್ತಿದ್ದಳು.

ತಕರಾರಿನ ದಿನ ಅವಳು ಮೊಣಕಾಲು ನೋವೆಂದು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಳು, ನಾನು ಒಳಗೆ ಹೋದೆ. ಅಧಿಕಾರಿ ಸಮಾಧಾನದ ಮನುಷ್ಯ, ಮೈದುನನ ಗಲಾಟೆಯನ್ನೂ ಸೇರಿಸಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಚಿತ್ರ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಮ್ಮದೇ ಮಾಳಿಗೆ. ಒಂದು ಬದಿಗೆ ಚಿಗವ್ವನ ಹಾಸಿಗೆ, ಇನ್ನೊಂದು ಬದಿಗೆ ನನ್ನದು. ಇಬ್ಬರ ಮುಖದ ಜಾಗದಲ್ಲೂ ಮಸುಕು. ನಡುವೆ, ಅವಳು ನನ್ನನ್ನು ಸರಿಸಿ ಬಿಟ್ಟುಕೊಂಡ ಜಾಗದಲ್ಲಿ, ಮೂರನೆಯದೊಂದು ಮಸುಕು. ಅದರ ಕೆಳಗೆ ಚಾದರ ಹರಡಿತ್ತು. ಚಾದರದ ಅಡಿಯಲ್ಲಿ ಏನಾದರೂ ಇದೆಯೋ ಬರೀ ಸುಕ್ಕೋ, ಮೇಲಿನಿಂದ ತೆಗೆದ ಚಿತ್ರದಲ್ಲಿ ತಿಳಿಯುವಂತಿರಲಿಲ್ಲ.

“ಇವರು ಯಾರ್ರೀ ಮೇಡಂ?”

“ದಿಂಬು ಇರಬೇಕ್ರಿ.”

“ಮುಖ ಕಂಡಲ್ಲಿ ಅಷ್ಟೇ ಅದು ಮಸುಕು ಮಾಡತದ್ರಿ. ಅಲ್ಲಿ ದಿಂಬು ಇಟ್ಟಿದ್ರೇನು?”

ಇಟ್ಟಿರಲಿಲ್ಲ. ಮಸುಕು ಮಾಡುವ ಮೊದಲಿನ ಚಿತ್ರ ತೋರಿಸಿ ಎಂದೆ. ಅವರು ಕೈ ಚೆಲ್ಲಿದರು. “ಅದನ್ನ ಇಡಬ್ಯಾಡ್ರಿ ಅಂತ ಮನವಿ ಕೊಟ್ಟವರು ನೀವಽ ಅಲ್ರೀ.”

ಆಮೇಲೆ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟರು. “ಮಷೀನಿನ ಮಾತಿಗಿಂತ ಮನುಷ್ಯಾರ ಮಾತು ದೊಡ್ಡದಂತ ನಿಯಮದಾಗ ಅದ. ನೀವು ಅಲ್ಲೇ ಇದ್ರಿ. ‘ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ’ ಅಂತ ಬರದು ಸಹಿ ಮಾಡ್ರಿ. ಪಿಂಚಣಿ ಚಾಲೂ ಆಗತದ, ನಿಮ್ಮ ದೇವದುರ್ಗದವರ ಬಾಯಿನೂ ಮುಚ್ಚತದ.”

ಪೆನ್ನು ಹಿಡಿದಾಗ ಅದು ನೆನಪಾಯಿತು. ಅಂದು ಬೆಳಿಗ್ಗೆ ಡ್ರೋನಿನ ಸದ್ದು ಇನ್ನೂ ದೂರದಲ್ಲಿದ್ದಾಗ ನಾನು ಅರೆನಿದ್ದೆಯಲ್ಲಿ ಕಣ್ಣು ಬಿಟ್ಟಿದ್ದೆ. ಚಿಗವ್ವ ತನ್ನ ಸೆರಗನ್ನು ಎಳೆದುಕೊಳ್ಳುವ ಮೊದಲು, ಕೈ ಚಾಚಿ, ಪಕ್ಕದ ಖಾಲಿ ಜಾಗದ ಮೇಲೆ ಚಾದರ ಎಳೆದಳು. ಮಲಗಿದವರ ನಿದ್ದೆ ಕೆಡದಂತೆ ಹೊದಿಸುವ ಹಾಗೆ, ಮೆಲ್ಲಗೆ, ಎದೆಯವರೆಗೆ ಮಾತ್ರ. ಆಮೇಲೆ ತನ್ನನ್ನು ಮುಚ್ಚಿಕೊಂಡಳು.

ಇದನ್ನು ನಿಜವಾಗಿ ಕಂಡೆನೋ, ಪರದೆಯ ಮೇಲಿನ ಚಿತ್ರವೇ ನನ್ನೊಳಗೆ ಹೀಗೊಂದು ನೆನಪನ್ನು ಹುಟ್ಟಿಸಿತೋ, ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಹೊರಗೆ ಬೆಂಚಿನ ಮೇಲೆ ಚಿಗವ್ವ ಕಾಯುತ್ತಿದ್ದಳು. ಯಾರೂ ಇರಲಿಲ್ಲ ಎಂದು ಬರೆದು ಸಹಿ ಮಾಡಿದೆ.

ಪಿಂಚಣಿ ಮತ್ತೆ ಬರತೊಡಗಿತು. ಮೈದುನ ಆಮೇಲೆ ಓಣಿಗೆ ಕಾಲಿಟ್ಟಿಲ್ಲ. ಚಿಗವ್ವ ಈಗಲೂ ಬೇಸಿಗೆಯಲ್ಲಿ ಮಾಳಿಗೆಯ ಮೇಲೆಯೇ ಮಲಗುತ್ತಾಳೆ. ನಾನು ಹೋದರೆ ಕೆಳಗೆ, ಆ ಸೆಕೆಯಲ್ಲೇ, ಫ್ಯಾನ್ ಹಾಕಿಕೊಂಡು ಬಾಗಿಲು ಭದ್ರ ಮಾಡಿಕೊಂಡು ಮಲಗುತ್ತೇನೆ. ಮೇಲಿನಿಂದ ಅವಳ ಮಾತು ಕೇಳಿಸುತ್ತದೆ. ಖಾಲಾ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಳ್ಳುತ್ತೇನೆ.

ಆ ದಿನ ಕಚೇರಿಯಿಂದ ಆಟೋದಲ್ಲಿ ಮನೆಗೆ ಬರುವಾಗ ಅವಳನ್ನು ಒಂದೇ ಒಂದು ಮಾತು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ರಸ್ತೆಯ ಕಡೆ ತಿರುಗಿ ಕೂತಳು. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

“ಚಿಗವ್ವಾ, ಡ್ರೋನ್ ಬಂದಾಗ ನೀ ಮೊದಲ ಯಾರಿಗೆ ಹೊಚ್ಚಿದಿ?”